ರೋಸ್ ಈರುಳ್ಳಿ ಕೊಲಂಬೊಗೆ ಹೋಗಬೇಕಾದರೆ ಲಾಲ್‌ಬಾಗ್‌ನಲ್ಲಿ ಸಹಿ ಆಗಬೇಕಿತ್ತು

ನಮ್ಮ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ರೋಸ್ ಈರುಳ್ಳಿಯನ್ನು ರೈತರೇ ಹೊರದೇಶಕ್ಕೆ ಕಳಿಸೋಕೆ ಆಗುತ್ತಾ, ಏನೇನು ಕಾಗದ ಬೇಕು, ಯಾರ ಹತ್ತಿರ ಹೋಗಬೇಕು ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಆಗುತ್ತೆ. 2023ರಲ್ಲಿ ನಮ್ಮ ರೈತ ಉತ್ಪಾದಕ ಕಂಪನಿಯಿಂದ ಒಂದು ಲೋಡ್ ಕೊಲಂಬೊಗೆ ಕಳಿಸಿದೆವು, ಆಮೇಲೆ 2024ರಲ್ಲೂ ಕಳಿಸಿದೆವು. ಕಾಗದ ಪತ್ರದ ಓಡಾಟ ಪೂರ್ತಿ ನನ್ನ ಪಾಲಿಗೇ ಬಂದಿತ್ತು. ಅದರಲ್ಲಿ ನೋಡಿದ್ದನ್ನು ಒಂದು ಕಡೆ ಬರೆದಿಡಬೇಕು ಅಂತ ಬಹಳ ದಿನದಿಂದ ಇತ್ತು. ಫೋನಲ್ಲಿ ಎಷ್ಟು ಜನಕ್ಕೆ ಹೇಳೋದು?

ಮೊದಲು ಈ ಈರುಳ್ಳಿ ಬಗ್ಗೆ. ಚಿತ್ರದುರ್ಗ, ಗದಗ, ವಿಜಯಪುರದ ಕಡೆಯವರಿಗೆ ಈರುಳ್ಳಿ ಅಂದರೆ ದಪ್ಪ ಗೆಡ್ಡೆ. ನಮ್ಮದು ಹಾಗಲ್ಲ. ಸಣ್ಣದು, ಬುಡ ಚಪ್ಪಟೆ, ಬಣ್ಣ ಗಾಢ ಗುಲಾಬಿ, ಖಾರ ಜೋರು. ‘ಬೆಂಗಳೂರು ರೋಸ್’ ಅನ್ನೋದು ಇದರ ಹೆಸರು, 2015ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಬೆಂಗಳೂರಿನವರು ಇದನ್ನು ಕೊಳ್ಳುವುದು ತೀರಾ ಕಡಿಮೆ. ಸುಲಿಯೋದು ಕಷ್ಟ, ಹೆಚ್ಚಿದರೆ ಕಣ್ಣು ಉರಿ. ಬೆಳೆಯೋದು ನಾವು, ತಿನ್ನೋರು ಶ್ರೀಲಂಕಾ, ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾ, ಬಾಂಗ್ಲಾದೇಶದವರು. ಈ ಒಂದು ವಿಷಯ ನೆನಪಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಅರ್ಥ ಆಗುತ್ತೆ.

ಯಾಕೆ ಹೇಳಿದೆ ಅಂದರೆ, ದೇಶದಲ್ಲಿ ಈರುಳ್ಳಿ ರೇಟು ಏರಿದಾಗೆಲ್ಲ ಕೇಂದ್ರ ಸರ್ಕಾರ ಮಾಡುವ ಮೊದಲ ಕೆಲಸ ರಫ್ತಿಗೆ ಕಡಿವಾಣ ಹಾಕೋದು. ಹೊರಗೆ ಹೋಗೋದು ನಿಂತರೆ ಸರಕು ಒಳಗೇ ಉಳಿಯುತ್ತೆ, ರೇಟು ಇಳಿಯುತ್ತೆ, ಅಡುಗೆಮನೆಗೆ ಅನುಕೂಲ ಆಗುತ್ತೆ ಅನ್ನೋದು ಲೆಕ್ಕ. ನಾಸಿಕ್ ಈರುಳ್ಳಿಗೆ ಈ ಲೆಕ್ಕ ಸರಿ ಇರಬಹುದು. ಆದರೆ ಇಲ್ಲಿ ಯಾರೂ ತಿನ್ನದ ರೋಸ್ ಈರುಳ್ಳಿ ತಡೆದರೆ ಯಾರ ಮನೆ ಖರ್ಚು ಕಡಿಮೆ ಆಗುತ್ತೆ? ಬೆಳೆದವನ ಕೈಗೆ ಬರುವ ದುಡ್ಡು ಕಡಿಮೆ ಆಗುತ್ತೆ, ಅಷ್ಟೇ.

ಇದು ಮೊದಲ ಸಲ ಏನಲ್ಲ. 2019ರ ಸೆಪ್ಟೆಂಬರ್ 29ಕ್ಕೆ ಎಲ್ಲ ಈರುಳ್ಳಿ ರಫ್ತು ನಿಂತಿತು. ಅದಾಗಿ ಕೆಲವೇ ದಿನಕ್ಕೆ ದೆಹಲಿಗೆ ಬಂದಿದ್ದ ಆಗಿನ ಬಾಂಗ್ಲಾ ಪ್ರಧಾನಿ ಶೇಖ್ ಹಸೀನಾ, ಅಡುಗೆಗೆ ಈರುಳ್ಳಿ ಹಾಕಬೇಡ ಅಂತ ಅಡುಗೆಯವರಿಗೆ ಹೇಳಿಬಿಟ್ಟಿದ್ದೇನೆ, ಮುಂಚೆಯೇ ಒಂದು ಮಾತು ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದೆವು ಅನ್ನೋ ಅರ್ಥದಲ್ಲಿ ವೇದಿಕೆಯ ಮೇಲೇ ಹೇಳಿದರು. ಸಭೆಯಲ್ಲಿದ್ದವರು ನಕ್ಕರು. ನಾನು ಟಿವಿಯಲ್ಲಿ ನೋಡಿದವನು, ನನಗೆ ನಗು ಬರಲಿಲ್ಲ. ಅವರು ಕೇಳಿದ್ದು ಕರೆಕ್ಟಾಗೇ ಇತ್ತು. ಆ ವರ್ಷ ಅಕ್ಟೋಬರ್ ಕೊನೆಗೆ ರೋಸ್ ಈರುಳ್ಳಿಗೆ ಮಾತ್ರ ಒಂದು ಕಿಂಡಿ ತೆರೆದರು: 9,000 ಟನ್, ನವೆಂಬರ್ 30ರ ತನಕ, ಚೆನ್ನೈ ಬಂದರಿನಿಂದ ಮಾತ್ರ. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ನಿಷೇಧ. ಅಕ್ಟೋಬರ್‌ನಲ್ಲಿ ಮತ್ತೆ ಕಿಂಡಿ, ನಮ್ಮ ರೋಸ್‌ಗೆ 10,000 ಟನ್, ಆಂಧ್ರದ ಕಡಪ ಕಡೆಯ ಕೃಷ್ಣಾಪುರಂ ಈರುಳ್ಳಿಗೆ 10,000 ಟನ್.

ಆಗೆಲ್ಲ ನಾವು ಮಂಡಿಗೆ ಹಾಕುವವರು. ಕಿಂಡಿ ತೆರೆದರೂ ಅದರಲ್ಲಿ ಕೈ ತೂರಿಸೋಕೆ ಆಗಿದ್ದು ಲೈಸೆನ್ಸ್ ಇದ್ದ ದೊಡ್ಡ ವ್ಯಾಪಾರಿಗಳಿಗೆ. ನಮಗೆ ಅವರು ಕೊಟ್ಟಿದ್ದೇ ರೇಟು. ಕಂಪನಿ ಕಟ್ಟಿಕೊಂಡ ಮೇಲೆ ನಾವೇ ಯಾಕೆ ಕಳಿಸಬಾರದು ಅನ್ನೋ ಮಾತು ಬಂತು. 2023ರಲ್ಲಿ ಕೊಲಂಬೊದ ಪೆಟ್ಟಾ ಮಾರುಕಟ್ಟೆಯ ಒಬ್ಬ ತಮಿಳು ವ್ಯಾಪಾರಿಯ ಪರಿಚಯ ಚೆನ್ನೈನ ಏಜೆಂಟ್ ಮೂಲಕ ಆಯಿತು. ನಮ್ಮ ಕಡೆ ಎಲ್ಲರಿಗೂ ತೆಲುಗು ಬರುತ್ತೆ, ನನಗೆ ಸ್ವಲ್ಪ ತಮಿಳೂ ಬರುತ್ತೆ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಲೇ ವ್ಯವಹಾರ ಕುದುರಿತು. ಅವರು ವಯಸ್ಸಾದವರು, ನನ್ನನ್ನು ‘ತಂಬಿ’ ಅಂತಾರೆ, ನಾನು ‘ಅಯ್ಯಾ’ ಅಂತೀನಿ.

ಅಷ್ಟರಲ್ಲಿ ಆಗಸ್ಟ್ 19 ಬಂತು. ಈರುಳ್ಳಿ ರಫ್ತಿನ ಮೇಲೆ ಶೇ. 40 ಸುಂಕ. ನೂರು ರೂಪಾಯಿ ಸರಕಿಗೆ ನಲವತ್ತು ರೂಪಾಯಿ ಬಂದರಿನಲ್ಲಿ ಕಟ್ಟಿ ಕೊಲಂಬೊಗೆ ಕಳಿಸಿದರೆ ಅಲ್ಲಿ ಯಾರು ಕೊಳ್ತಾರೆ? ಅಯ್ಯಾ ಅವರು ಆರ್ಡರ್ ತಡೆಹಿಡಿದರು. ಬೇಸರ ಮಾಡ್ಕೊಬೇಡ, ಪಾಕಿಸ್ತಾನದ ಸರಕು ಇದಕ್ಕಿಂತ ಕಡಿಮೆಗೆ ಸಿಗ್ತಿದೆ ಅಂದರು. ನಮ್ಮ ಕಡೆಯ ಬೆಳೆಗಾರರು, ಜನಪ್ರತಿನಿಧಿಗಳು ಎಲ್ಲ ಸೇರಿ ಕೇಳಿದ ಮೇಲೆ ಸೆಪ್ಟೆಂಬರ್ 29ಕ್ಕೆ ಕೇಂದ್ರದಿಂದ ಆದೇಶ ಬಂತು. ಬೆಂಗಳೂರು ರೋಸ್‌ಗೆ ಸುಂಕ ಇಲ್ಲ, ಆದರೆ ಒಂದು ಷರತ್ತು. ಕಳಿಸುತ್ತಿರುವುದು ನಿಜವಾಗಿಯೂ ಬೆಂಗಳೂರು ರೋಸ್, ಪ್ರಮಾಣ ಇಷ್ಟು ಅಂತ ಕರ್ನಾಟಕದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಟ್ಟಿರಬೇಕು.

ಷರತ್ತು ತಪ್ಪು ಅಂತ ನಾನು ಹೇಳಲ್ಲ. ರೋಸ್ ಅಂತ ಹೆಸರು ಹಾಕಿ ಬೇರೆ ಈರುಳ್ಳಿ ಸಾಗಿಸುವವರು ಇರ್ತಾರೆ, ಅದನ್ನು ತಡೆಯಲೇಬೇಕು. ಅವರಿಗೆ ದಾರಿ ಆಗಿಬಿಟ್ಟರೆ ನಾಳೆ ನಮ್ಮ ವಿನಾಯಿತಿಯೇ ಹೋಗುತ್ತೆ. ನನಗೆ ಅರ್ಥ ಆಗಿದ್ದು ಇನ್ನೊಂದು: ಎರಡು ದೇಶದ ನಡುವಿನ ವ್ಯಾಪಾರ ಅಂತ ಪೇಪರ್‌ನಲ್ಲಿ ದೊಡ್ಡದಾಗಿ ಓದ್ತೀವಲ್ಲ, ಅದು ಕೊನೆಗೆ ಬಂದು ನಿಲ್ಲುವುದು ನಮ್ಮ ಪಹಣಿಯ ಮೇಲೆ.

ಹೇಗೆ ಅಂತ ಹೇಳ್ತೀನಿ.

ರಫ್ತಿಗೆ ಎಲ್ಲರಿಗೂ ಬೇಕಾದ ಕಾಗದಗಳು ಕಷ್ಟ ಇಲ್ಲ. ಐಇಸಿ, ಅಂದರೆ ಆಮದು ರಫ್ತು ಮಾಡುವವರ ಕೋಡ್, ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ವೆಬ್‌ಸೈಟ್‌ನಲ್ಲಿ 500 ರೂಪಾಯಿ ಕಟ್ಟಿದರೆ ಬರುತ್ತೆ, ಕಂಪನಿಯ ಪ್ಯಾನ್ ನಂಬರೇ ಕೋಡ್. ಕೃಷಿ ಸರಕಿನ ರಫ್ತು ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಅಪೆಡಾದಲ್ಲಿ ನೋಂದಣಿ ಮಾಡಿಸಬೇಕು. ಹಸಿ ಈರುಳ್ಳಿಗೆ ಜಿಎಸ್‌ಟಿ ಇಲ್ಲ. ವಿದೇಶಿ ವಿನಿಮಯ ನೋಡುವ ಬ್ಯಾಂಕ್ ಶಾಖೆಯ ಗುರುತಿನ ನಂಬರ್ ಇರುವ ಎಡಿ ಕೋಡ್ ಅಂತ ಒಂದು ಪತ್ರ ಬ್ಯಾಂಕಿನಿಂದ ತೆಗೆದುಕೊಂಡು ಬಂದರಿನ ಕಸ್ಟಮ್ಸ್‌ನಲ್ಲಿ ನೋಂದಾಯಿಸಬೇಕು. ಸ್ವಲ್ಪ ತಡ ಆಗಿದ್ದು ಇದೊಂದೇ, ಯಾಕೆ ಅಂದರೆ ತಾಲ್ಲೂಕಿನ ಶಾಖೆಯಲ್ಲಿ ವಿದೇಶಿ ವಿನಿಮಯ ನೋಡುವವರು ಇರಲ್ಲ, ಬೆಂಗಳೂರಿನ ದೊಡ್ಡ ಶಾಖೆಗೇ ಹೋಗಬೇಕು. ಮ್ಯಾನೇಜರ್ ಒಳ್ಳೆಯವರಾಗಿದ್ದರು, ಕೂರಿಸಿ ಪ್ರತಿಯೊಂದು ಫಾರಂ ತುಂಬಿಸಿದರು. ಇವೆಲ್ಲ ಒಂದು ಸಲ ಮಾಡಿಟ್ಟರೆ ವರ್ಷಗಟ್ಟಲೆ ನಡೆಯುತ್ತೆ. ಐಇಸಿಯನ್ನು ಮಾತ್ರ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಆನ್‌ಲೈನ್‌ನಲ್ಲೇ ಅಪ್‌ಡೇಟ್ ಮಾಡಬೇಕು, ಇಲ್ಲದಿದ್ದರೆ ಕೋಡ್ ನಿಷ್ಕ್ರಿಯ ಆಗಿಬಿಡುತ್ತೆ.

ನಿಜವಾದ ಕೆಲಸ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರದ್ದು. ನಮಗೆ ನಡೆದದ್ದು ಹೀಗೆ. ಅರ್ಜಿ ಕೊಟ್ಟಿದ್ದು ತೋಟಗಾರಿಕೆಯ ತಾಲ್ಲೂಕು ಕಚೇರಿಗೆ. ಅದರ ಜೊತೆ ಐಇಸಿ, ಖರೀದಿದಾರರ ಆರ್ಡರ್, ಯಾವ ಯಾವ ರೈತರಿಂದ ಎಷ್ಟೆಷ್ಟು ಅಂತ ಪಟ್ಟಿ, ಪ್ರತಿಯೊಬ್ಬರ ಪಹಣಿ, ಆಧಾರ್. ಅವರು ಸ್ಥಳಕ್ಕೆ ಬಂದು ನೋಡಿ ವರದಿ ಬರೆದು ಜಿಲ್ಲೆಗೆ ಕಳಿಸಿದರು, ಜಿಲ್ಲೆಯಿಂದ ಲಾಲ್‌ಬಾಗ್‌ನ ಕೇಂದ್ರ ಕಚೇರಿಗೆ ಹೋಯಿತು, ಸಹಿ ಆಗಿ ಬಂದಿದ್ದು ಅಲ್ಲಿಂದ.

ಪಟ್ಟಿ ಮಾಡುವಾಗಲೇ ಕಷ್ಟ ಶುರುವಾಯಿತು. ಪಹಣಿಯ ಬೆಳೆ ಕಾಲಂನಲ್ಲಿ ‘ಈರುಳ್ಳಿ’ ಅಂತ ಮಾತ್ರ ಬರುತ್ತೆ. ತಳಿ ಯಾವುದು ಅಂತ ಇಲ್ಲ. ಕೆಲವರದ್ದರಲ್ಲಿ ಬೆಳೆ ಸಮೀಕ್ಷೆ ಮಾಡಿದವರು ಹಿಂದಿನ ಟೊಮೆಟೊವನ್ನೇ ಹಾಗೇ ಬಿಟ್ಟಿದ್ದರು. ಹೊಲದಲ್ಲಿ ನೋಡಿದರೆ ಕಣ್ಣು ತುಂಬ ಈರುಳ್ಳಿ, ಕಾಗದದಲ್ಲಿ ಟೊಮೆಟೊ. ಅದನ್ನು ತಿದ್ದಿಸಲು ಆಕ್ಷೇಪಣೆ ಹಾಕಬೇಕು, ಅದಕ್ಕೊಂದು ಗಡುವು ಇರುತ್ತೆ, ಗಡುವು ಮುಗಿದಿದ್ದರೆ ಮುಗೀತು. ಈರುಳ್ಳಿ ಕಿತ್ತಾಗಿದ್ದರೆ ಹೊಲದಲ್ಲಿ ತೋರಿಸೋಕೂ ಏನೂ ಇರಲ್ಲ.

ಇನ್ನೊಂದು ಕಷ್ಟ ನಮ್ಮ ದೊಡ್ಡಮ್ಮನದು. ಆ ವರ್ಷ ನಮ್ಮ ಇಡೀ ಊರಲ್ಲಿ ಅವರ ಈರುಳ್ಳಿಯೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಒಂದೇ ಸೈಜು, ಒಳ್ಳೆ ಬಣ್ಣ, ಕತ್ತು ಚೆನ್ನಾಗಿ ಒಣಗಿದ್ದವು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸಿಪ್ಪೆ ಪರಪರ ಅನ್ನುತ್ತಿತ್ತು. ಆದರೆ ಪಹಣಿ ತೀರಿಹೋದ ದೊಡ್ಡಪ್ಪನ ಹೆಸರಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬದಲಾಗೋದು, ಆಗಿರಲಿಲ್ಲ. ಬೆಳೆದವರ ಹೆಸರು ಒಂದು, ಕಾಗದದಲ್ಲಿ ಇರುವ ಹೆಸರು ಇನ್ನೊಂದು. ವಂಶವೃಕ್ಷ, ಮರಣ ಪತ್ರ ಎಲ್ಲ ಕೊಟ್ಟರೂ ಅದು ನಮ್ಮ ಲೋಡ್ ಹೊರಡುವ ಒಳಗೆ ಆಗುವ ಮಾತಲ್ಲ ಅಂತ ಕಂದಾಯದವರು ಹೇಳಿದರು. ಪಟ್ಟಿಯಿಂದ ಅವರ ಹೆಸರು ತೆಗೆಯಬೇಕಾಯಿತು.

‘ಯಾಕೋ, ನಂದೇನು ರೋಸ್ ಈರುಳ್ಳಿ ಅಲ್ವೇನೋ?’ ಅಂತ ಕೇಳಿದರು ದೊಡ್ಡಮ್ಮ.

ಅದಕ್ಕೆ ಏನು ಉತ್ತರ ಕೊಡೋದು? ಅವರು ಮಂಡಿಗೆ ಹಾಕಿದರು, ಮಂಡಿಯಲ್ಲಿ ಅವರಿಗೆ ಸಿಕ್ಕ ರೇಟು ನಮಗೆ ಸಿಕ್ಕಿದ್ದಕ್ಕಿಂತ ಬಹಳ ಕಡಿಮೆ. ಅದು ಈಗಲೂ ನನಗೆ ಹೊಟ್ಟೆ ಉರಿಸುವ ವಿಷಯ. ನಮ್ಮ ಕಡೆ ಈರುಳ್ಳಿ ಬೇಸಾಯದ ಅರ್ಧಕ್ಕಿಂತ ಜಾಸ್ತಿ ಕೆಲಸ ಹೆಂಗಸರದ್ದು. ಪೈರು ನಾಟಿ ಮಾಡೋರು, ಕಳೆ ಕೀಳೋರು, ಕಿತ್ತ ಮೇಲೆ ಕತ್ತು ಕತ್ತರಿಸೋರು, ಸೈಜು ನೋಡಿ ಆರಿಸೋರು ಎಲ್ಲ ಅವರೇ. ಪಹಣಿಯಲ್ಲಿ ಅವರ ಹೆಸರು ಎಷ್ಟು ಕಡೆ ಇದೆ ಹುಡುಕಿ ನೋಡಿ. ಪಹಣಿ ನೋಡಿ ಕೊಡುವ ಯಾವ ಪರ್ಮಿಟ್ ಆದರೂ ಮೊದಲು ಹೊರಗೆ ತಳ್ಳುವುದು ಇಂಥವರನ್ನೇ.

ತಾಲ್ಲೂಕಿನಿಂದ ತಪಾಸಣೆಗೆ ಬಂದ ಮೇಡಂ ಮಾತ್ರ ಕೆಲಸ ಗೊತ್ತಿದ್ದವರು. ಚೀಲದ ಮೇಲ್ಗಡೆಯದನ್ನು ನೋಡಿ ಸಹಿ ಹಾಕಿ ಹೋಗಲಿಲ್ಲ. ಶೆಡ್ಡಿನಲ್ಲಿ ಹರಡಿದ್ದ ರಾಶಿಯ ಮಧ್ಯಕ್ಕೆ ಕೈ ಹಾಕಿ ಒಂದಷ್ಟು ಗೆಡ್ಡೆ ಎತ್ತಿಕೊಂಡರು. ಒಂದನ್ನು ನೆಲದ ಮೇಲೆ ಕೂರಿಸಿದರು, ಬುಡ ಚಪ್ಪಟೆ ಇದ್ದುದರಿಂದ ಉರುಳದೆ ಕೂತಿತು. ಒಂದನ್ನು ಅಡ್ಡಕ್ಕೆ ಕೊಯ್ದು ಒಳಗಿನ ಬಣ್ಣ ನೋಡಿದರು. ಬೀಜ ಎಲ್ಲಿಂದ ತಂದಿದ್ದು, ನಾಟಿ ಯಾವಾಗ ಮಾಡಿದ್ದು ಅಂತ ರೈತರನ್ನೇ ಕೇಳಿ ಬರೆದುಕೊಂಡರು. ಅಲ್ಲಿದ್ದ ಚಿಕ್ಕಪ್ಪನನ್ನು, ‘ಯಜಮಾನರೇ, ಇನ್ನೂ ಎಷ್ಟು ದಿನ ಒಣಗಿಸ್ತೀರಿ?’ ಅಂದರು. ಆ ಪ್ರಶ್ನೆ ಯಾಕೆ ಮುಖ್ಯ ಅನ್ನೋದನ್ನು ಅವರೇ ವಿವರಿಸಿದರು, ಅದು ಎಲ್ಲರಿಗೂ ಉಪಯೋಗ ಆಗೋ ವಿಷಯ.

ಪ್ರಮಾಣಪತ್ರದಲ್ಲಿ ತಳಿಯ ಜೊತೆ ತೂಕವೂ ಇರುತ್ತೆ. ಈರುಳ್ಳಿ ಕಿತ್ತ ದಿನದ ತೂಕ ಬೇರೆ, ಒಣಗಿದ ಮೇಲಿನ ತೂಕ ಬೇರೆ, ಆರಿಸಿ ಕೊಳೆತದ್ದು ಮೊಳೆತದ್ದು ತೆಗೆದ ಮೇಲಿನ ತೂಕ ಇನ್ನೂ ಬೇರೆ. ಪ್ರಮಾಣಪತ್ರದಲ್ಲಿ ಬರೆದದ್ದಕ್ಕಿಂತ ಕಡಿಮೆ ಕಳಿಸಿದರೆ ನಡೆಯುತ್ತೆ. ಒಂದು ಚೀಲ ಜಾಸ್ತಿ ಆದರೆ ಆ ಜಾಸ್ತಿಗೆ ವಿನಾಯಿತಿ ಇಲ್ಲ, ಲೆಕ್ಕ ತಾಳೆ ಆಗಲ್ಲ, ಇಡೀ ಲೋಡ್ ಬಂದರಿನಲ್ಲಿ ನಿಂತರೂ ನಿಂತಿತು. ಒಣಗಿಸಿ ಆರಿಸಿ ಚೀಲ ತುಂಬಿದ ಮೇಲಿನ ತೂಕವನ್ನೇ ಅರ್ಜಿಯಲ್ಲಿ ಬರೆಯಿರಿ ಅಂದರು. ಆದರೆ ಅರ್ಜಿ ತಾಲ್ಲೂಕು, ಜಿಲ್ಲೆ, ಬೆಂಗಳೂರು ಅಂತ ಮೆಟ್ಟಿಲು ಹತ್ತಿ ಇಳಿಯುವ ತನಕ ತುಂಬಿದ ಚೀಲ ಶೆಡ್ಡಿನಲ್ಲೇ ಇರಬೇಕು. ಆ ವರ್ಷದ ಅಕ್ಟೋಬರ್‌ನಲ್ಲಿ ಮೋಡ ಮುಸುಕಿದ ದಿನಗಳೂ ಇದ್ದವು. ರಾತ್ರಿ ಟಾರ್ಪಾಲ್ ಹೊದಿಸೋದು, ಬೆಳಿಗ್ಗೆ ತೆಗೆಯೋದು, ಚೀಲ ಮಗುಚಿ ಹಾಕೋದು. ಒಂದು ಕೊಳೆತ ಗೆಡ್ಡೆ ಒಳಗಿದ್ದರೆ ವಾಸನೆಯಲ್ಲೇ ಗೊತ್ತಾಗುತ್ತೆ, ಆ ಚೀಲ ಬಿಚ್ಚಿ ಮತ್ತೆ ಆರಿಸಬೇಕು.

ಮಧ್ಯೆ ಒಂದು ಕಚೇರಿಯಲ್ಲಿ ಫೈಲು ಸುಮ್ನೆ ಕೂತಿತ್ತು. ಯಾರೂ ದುಡ್ಡು ಕೇಳಲಿಲ್ಲ, ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಹೊಸ ಆದೇಶ, ಯಾವ ನಮೂನೆಯಲ್ಲಿ ಬರೆಯಬೇಕು ಅಂತ ಅವರಿಗೂ ಗೊತ್ತಿಲ್ಲ, ಮೇಲಿನವರನ್ನು ಕೇಳಿ ಹೇಳ್ತೀವಿ ಅಂದರು. ಆದೇಶ ಹೊರಡಿಸುವಾಗ ನಮೂನೆಯೂ ಜೊತೆಗೇ ಬಂದಿದ್ದರೆ ಆ ದಿನಗಳು ಉಳೀತಿದ್ದವು. 2019ರಲ್ಲೂ ಇದೇ ಪ್ರಮಾಣಪತ್ರ ಇತ್ತು, ಹಳೆಯದೊಂದರ ನಕಲು ಹುಡುಕಿ ತಂದುಕೊಟ್ಟೆವು, ಅದು ಕೆಲಸಕ್ಕೆ ಬಂತು. ನಿಮಗೂ ಹೇಳೋದು ಅದೇ, ಹಳೇ ಕಾಗದ ಯಾವುದನ್ನೂ ಬಿಸಾಡಬೇಡಿ.

ಪ್ರಮಾಣಪತ್ರ ಕೈಗೆ ಬರೋ ಹೊತ್ತಿಗೆ ದೆಹಲಿಯಲ್ಲಿ ಇನ್ನೊಂದು ಆದೇಶ ಆಯಿತು. ಅಕ್ಟೋಬರ್ 28ಕ್ಕೆ ಈರುಳ್ಳಿಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ ಅಂತ. ಅಂದರೆ ಅದಕ್ಕಿಂತ ಕಡಿಮೆಗೆ ಮಾರುವ ಹಾಗಿಲ್ಲ. ಭಾನುವಾರ ಬೆಳಿಗ್ಗೆಯೇ ಚೆನ್ನೈ ಏಜೆಂಟ್ ಫೋನ್ ಮಾಡಿದರು, ಲಾರಿ ಹತ್ತಿಸಬೇಡಿ ಸಾರ್, ಮೊದಲು ಓದಿ ನೋಡೋಣ ಅಂತ. ಪೂರ್ತಿ ಓದಿದಾಗ ಬೆಂಗಳೂರು ರೋಸ್ ಮತ್ತು ಕೃಷ್ಣಾಪುರಂ ಈರುಳ್ಳಿಗೆ ಇದು ಅನ್ವಯ ಆಗಲ್ಲ ಅಂತ ಇತ್ತು. ಜೀವ ಬಂತು. ಆದರೆ ಟಿವಿಯಲ್ಲಿ ಬಂದಿದ್ದು ‘ಈರುಳ್ಳಿಗೆ 800 ಡಾಲರ್’ ಅಂತ ಮಾತ್ರ. ಅದನ್ನೇ ನೋಡಿ ಅಯ್ಯಾ ಅವರೂ ಗಾಬರಿಯಾಗಿದ್ದರು. ಆದೇಶದ ಪುಟದ ಫೋಟೋ ಕಳಿಸಿ, ಆ ಸಾಲಿಗೆ ಕೆಂಪು ಗೆರೆ ಎಳೆದು ತೋರಿಸಿದ ಮೇಲೆ ನಂಬಿದರು. ಟಿವಿ ಸುದ್ದಿ ನೋಡಿ ತೀರ್ಮಾನಕ್ಕೆ ಬರಬೇಡಿ. ಡಿಜಿಎಫ್‌ಟಿಯದ್ದು, ಕಸ್ಟಮ್ಸ್‌ನದ್ದು ಎರಡೂ ಆದೇಶಗಳು ವೆಬ್‌ಸೈಟ್‌ನಲ್ಲಿ ಸಿಗುತ್ತವೆ, ಒಂದೆರಡು ಪುಟ ಇರುತ್ತೆ, ಕೂತು ಓದಿ.

ಲಾರಿ ಹೊಸಕೋಟೆ, ಕೋಲಾರ, ಮುಳಬಾಗಿಲು, ಚಿತ್ತೂರು ದಾಟಿ ಚೆನ್ನೈ ಸೇರಿತು. ಅಲ್ಲಿ ಕಂಟೇನರ್ ತುಂಬುವ ಯಾರ್ಡ್‌ಗೆ ಹೋಗಬೇಕು, ಸಿಎಫ್‌ಎಸ್ ಅಂತಾರೆ. ಸಸ್ಯ ಸಂಗರೋಧ ಕೇಂದ್ರದವರು ಬಂದು ಸ್ಯಾಂಪಲ್ ನೋಡಿದರು. ಹುಳು ಇದೆಯಾ, ಬೂಷ್ಟು ಇದೆಯಾ, ಬೇರಿಗೆ ಮಣ್ಣು ಅಂಟಿದೆಯಾ ಅಂತ. ಮಣ್ಣು ಬಹಳ ಮುಖ್ಯ. ಒಂದು ದೇಶದ ಮಣ್ಣು ಇನ್ನೊಂದು ದೇಶಕ್ಕೆ ಹೋದರೆ ಅದರ ಜೊತೆ ರೋಗವೂ ಹೋಗಬಹುದು, ಅದಕ್ಕೆ ಎಲ್ಲ ದೇಶದವರೂ ಇದರಲ್ಲಿ ಬಿಗಿ. ನಮ್ಮ ಹೆಂಗಸರು ಬೇರು ಕತ್ತರಿಸಿ ಉಜ್ಜಿ ಕಳಿಸಿದ್ದರಿಂದ ಸರಕಿನಲ್ಲಿ ಹುಳು, ರೋಗ ಇಲ್ಲ ಅನ್ನೋ ಫೈಟೋಸ್ಯಾನಿಟರಿ ಪ್ರಮಾಣಪತ್ರ ಒಂದೇ ಸಲಕ್ಕೆ ಸಿಕ್ಕಿತು. ಈ ಪತ್ರ ಇಲ್ಲದೆ ಕೊಲಂಬೊದಲ್ಲಿ ಕಂಟೇನರ್ ಬಾಗಿಲು ತೆಗೆಯಲ್ಲ.

ಕಸ್ಟಮ್ಸ್ ಅಧಿಕಾರಿ ಶಿಪ್ಪಿಂಗ್ ಬಿಲ್ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಅರ್ಜಿ) ಒಂದು ಕೈಯಲ್ಲಿ, ಲಾಲ್‌ಬಾಗ್‌ನ ಪತ್ರ ಇನ್ನೊಂದು ಕೈಯಲ್ಲಿ ಹಿಡಿದು ತೂಕ ತಾಳೆ ನೋಡಿದರು. ಚೀಲ ಬಿಚ್ಚಿಸಿದರು. ‘ಇದು ಅಲ್ಲಿ ಹೇಗೆ ತಿಂತಾರೆ?’ ಅಂತ ಕುತೂಹಲದಿಂದ ಕೇಳಿದರು. ತೆಂಗಿನಕಾಯಿ ತುರಿ, ಮೆಣಸಿನಕಾಯಿ, ಸಣ್ಣ ಕೆಂಪು ಈರುಳ್ಳಿ ಹಾಕಿ ಕುಟ್ಟಿದ ಪೊಲ್ ಸಂಬೋಲ ಇಲ್ಲದೆ ಅಲ್ಲಿಯವರಿಗೆ ಊಟ ಸೇರಲ್ಲ, ಅದಕ್ಕೆ ಖಾರದ ಈರುಳ್ಳಿಯೇ ಬೇಕು ಅಂತ ಅಯ್ಯಾ ಹೇಳಿದ್ದನ್ನೇ ಹೇಳಿದೆ. ರಫ್ತಿಗೆ ಅನುಮತಿ ಆಯಿತು. ಸುಂಕದ ಕಾಲಂನಲ್ಲಿ ಸೊನ್ನೆ ಇತ್ತು. ಆ ಸೊನ್ನೆ ನೋಡೋಕೆ ನಾವು ಅಷ್ಟು ಕಷ್ಟಪಟ್ಟಿದ್ದು.

ಈಗ ಆ ಕಡೆಯ ವಿಷಯ. ಭಾರತ ಮತ್ತು ಶ್ರೀಲಂಕಾ ನಡುವೆ ಮುಕ್ತ ವ್ಯಾಪಾರ ಒಪ್ಪಂದ ಇದೆ, 1998ರ ಡಿಸೆಂಬರ್‌ನಲ್ಲಿ ಸಹಿ ಆಗಿ 2000ದ ಮಾರ್ಚ್ 1ರಿಂದ ಜಾರಿಯಲ್ಲಿದೆ. ಹಾಗಾದರೆ ನಮ್ಮ ಈರುಳ್ಳಿಗೆ ಅಲ್ಲಿ ತೆರಿಗೆ ಇರಲ್ಲ ಅಲ್ವಾ ಅಂತ ನಮ್ಮ ಕಂಪನಿಯ ಸಭೆಯಲ್ಲಿ ಒಬ್ಬರು ಕೇಳಿದ್ದರು. ಇದೆ. ಕೃಷಿ ಸರಕುಗಳಲ್ಲಿ ಬಹಳಷ್ಟನ್ನು ಶ್ರೀಲಂಕಾ ಆ ಒಪ್ಪಂದದ ವಿನಾಯಿತಿಯಿಂದ ಹೊರಗೇ ಇಟ್ಟಿದೆ. ಈರುಳ್ಳಿಗೆ ಅಲ್ಲಿ ವಿಶೇಷ ಸರಕು ಸುಂಕ ಅಂತ ಬೇರೆಯೇ ಇತ್ತು, 2007ರ ಕಾನೂನಿನದ್ದು. ದಂಬುಲ್ಲ, ಮಾತಳೆ ಕಡೆ ಅವರ ರೈತರ ಈರುಳ್ಳಿ ಮಾರುಕಟ್ಟೆಗೆ ಬರುವ ಕಾಲಕ್ಕೆ ಆ ಸುಂಕ ಏರಿಸ್ತಿದ್ದರು. ಅದೂ ಗೆಜೆಟ್‌ನಲ್ಲಿ ರಾತ್ರೋರಾತ್ರಿ ಬರುತ್ತಿತ್ತು. ನನಗೆ ಅವರ ಮೇಲೆ ಸಿಟ್ಟು ಬರಲ್ಲ. ಅಲ್ಲಿನ ರೈತನೂ ನಮ್ಮ ಚಿಕ್ಕಪ್ಪನ ಹಾಗೇ ಸಾಲ ಮಾಡಿ ಬೆಳೆದವನು. ಅವರ ಸರ್ಕಾರ ಅವನನ್ನು ಕಾಯುತ್ತೆ. ನಮ್ಮ ಸರ್ಕಾರ ತಿನ್ನುವವರನ್ನು ಕಾಯೋಕೆ ಹೋಗಿ, ಇಲ್ಲಿ ಯಾರೂ ತಿನ್ನದ ಬೆಳೆಯ ರೈತನನ್ನೂ ಸೇರಿಸಿ ಕಟ್ಟಿಹಾಕುತ್ತೆ. ನನ್ನ ತಕರಾರು ಅಷ್ಟೇ.

ದುಡ್ಡಿನ ವಿಷಯದಲ್ಲೂ ಹುಷಾರಾಗಿರಬೇಕು. 2022ರಲ್ಲಿ ಶ್ರೀಲಂಕಾದಲ್ಲಿ ಡಾಲರ್ ಖಾಲಿ ಆಗಿತ್ತು, ಸರಕು ಬಂದರಿಗೆ ಬಂದರೂ ಬಿಡಿಸಿಕೊಳ್ಳೋಕೆ ವ್ಯಾಪಾರಿಗಳ ಹತ್ತಿರ ವಿದೇಶಿ ಹಣ ಇರಲಿಲ್ಲ. ಆಹಾರ, ಔಷಧಿ ಕೊಳ್ಳಲಿ ಅಂತ ಭಾರತವೇ ಆ ವರ್ಷದ ಮಾರ್ಚ್‌ನಲ್ಲಿ 100 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ನಾವು ಕಳಿಸುವ ಹೊತ್ತಿಗೆ ಪರಿಸ್ಥಿತಿ ಸುಧಾರಿಸಿತ್ತು. ಆದರೂ ಸ್ವಲ್ಪ ಮುಂಗಡ, ಉಳಿದದ್ದು ಬ್ಯಾಂಕ್ ಮೂಲಕ ಕಾಗದ ಬಿಡಿಸಿಕೊಳ್ಳುವಾಗ ಅಂತ ಮಾತಾಡಿಕೊಂಡೆವು. ಅಯ್ಯಾ ಮಾತು ತಪ್ಪಲಿಲ್ಲ. ಸರಕು ಕೈಗೆ ಬಂದ ದಿನ ಪೆಟ್ಟಾದ ಅಂಗಡಿ ಮುಂದೆ ನಮ್ಮ ಚೀಲಗಳ ವಿಡಿಯೋ ಕಳಿಸಿ, ಈರುಳ್ಳಿ ಚೆನ್ನಾಗಿದೆ ತಂಬಿ ಅಂದರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಊರಲ್ಲಿ ಎಲ್ಲರಿಗೂ ಹೇಳಿದ್ದೀನಿ. ರೇಟು ಸ್ವಲ್ಪ ಜಾಸ್ತಿ ಆದರೂ ಚಿಂತೆ ಇಲ್ಲ, ಮುಂದಿನ ತಿಂಗಳು ಬರುತ್ತೋ ಇಲ್ಲವೋ ಅನ್ನೋದು ನನಗೆ ಗೊತ್ತಾಗಬೇಕು, ಗೊತ್ತಾಗದಿದ್ದರೆ ನನ್ನ ಗಿರಾಕಿ ನನ್ನನ್ನು ಬಿಟ್ಟು ಹೋಗ್ತಾನೆ ಅಂದರು.

ಮುಂದಿನ ತಿಂಗಳು ಹೋಗಲಿಲ್ಲ. ಡಿಸೆಂಬರ್ 7ಕ್ಕೆ ಆದೇಶ ಬಂತು, 8ರಿಂದ ಎಲ್ಲ ಈರುಳ್ಳಿ ರಫ್ತು ಬಂದ್, 2024ರ ಮಾರ್ಚ್ 31ರ ತನಕ ಅಂತ. ಆಗಲೇ ಕಸ್ಟಮ್ಸ್‌ಗೆ ಒಪ್ಪಿಸಿದ್ದ ಸರಕಿಗೆ, ಲೋಡ್ ಆಗ್ತಿದ್ದ ಹಡಗಿಗೆ ವಿನಾಯಿತಿ ಇತ್ತು. ನಮ್ಮ ಎರಡನೇ ಲೋಡ್ ಶೆಡ್ಡಿನಲ್ಲಿ ಒಣಗ್ತಿತ್ತು. ರೋಸ್ ಅಂತ ಈ ಸಲ ಯಾವ ಬೇರೆ ಸಾಲೂ ಇರಲಿಲ್ಲ. ಅಯ್ಯಾ ಅವರಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಮಾರ್ಚ್‌ಗೆ ಮುಗಿಯುತ್ತೆ ಅಂದುಕೊಂಡಿದ್ದನ್ನು ಮುಂದುವರಿಸಿದರು. ಏಪ್ರಿಲ್‌ನಲ್ಲಿ ಶ್ರೀಲಂಕಾಕ್ಕೆ 10,000 ಟನ್ ಬಿಟ್ಟರು, ಅದು ನೆರೆ ರಾಷ್ಟ್ರದ ಸ್ನೇಹಕ್ಕೆ ಒಳ್ಳೆಯದೇ. ಆದರೆ ಅದು ರಾಷ್ಟ್ರೀಯ ಸಹಕಾರಿ ರಫ್ತು ಸಂಸ್ಥೆಯ ಮೂಲಕ ಮಾತ್ರ. ಅಯ್ಯಾ ಆರ್ಡರ್ ಕೊಡೋಕೆ ತಯಾರಿದ್ದರು, ನಮ್ಮ ಹತ್ತಿರ ಸರಕಿತ್ತು, ನಡುವೆ ದಾರಿ ಮಾತ್ರ ಇರಲಿಲ್ಲ. ಶೆಡ್ಡಿನಲ್ಲಿದ್ದದ್ದನ್ನು ಮಂಡಿಗೇ ಹಾಕಿದೆವು.

2024ರ ಮೇ 4ಕ್ಕೆ ನಿಷೇಧ ತೆಗೆದರು, ಶೇ. 40 ಸುಂಕ ಇಟ್ಟರು. ಮೇ ಕೊನೆಗೆ ರೋಸ್‌ಗೆ ಮತ್ತೆ ಸುಂಕ ವಿನಾಯಿತಿ, ಮತ್ತೆ ಅದೇ ತೋಟಗಾರಿಕೆ ಪ್ರಮಾಣಪತ್ರ. ಈ ಸಲ ನಾವು ಕಾಗದದ ಕೆಲಸವನ್ನು ಹೊಲದಿಂದಲೇ ಶುರು ಮಾಡಿದೆವು. ಪೈರು ನಾಟಿ ಮಾಡುವಾಗಲೇ ಪ್ರತಿ ಸರ್ವೆ ನಂಬರ್‌ನಲ್ಲಿ ರೈತರನ್ನು ನಿಲ್ಲಿಸಿ ಫೋಟೋ ತೆಗೆದೆವು, ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಅವರ ಕೈಯಿಂದಲೇ ಅಪ್‌ಲೋಡ್ ಮಾಡಿಸಿದೆವು, ಬೀಜದ ರಸೀದಿ ಎತ್ತಿಟ್ಟೆವು. ದೊಡ್ಡಮ್ಮನ ಪೌತಿ ಖಾತೆಗೆ ಜನವರಿಯಲ್ಲೇ ಅರ್ಜಿ ಹಾಕಿ, ಬೆನ್ನು ಹತ್ತಿ ಮಾಡಿಸಿದ್ದೆವು. ಆ ಲೋಡ್‌ನಲ್ಲಿ ಅವರ ಚೀಲಗಳೂ ಹೋದವು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಅವರೇ ಸಹಿ ಹಾಕಿದರು.

ಸೆಪ್ಟೆಂಬರ್‌ನಲ್ಲಿ ಈರುಳ್ಳಿ ಸುಂಕ ಶೇ. 20ಕ್ಕೆ ಇಳಿಯಿತು, 2025ರ ಏಪ್ರಿಲ್ 1ರಿಂದ ಪೂರ್ತಿ ತೆಗೆದರು. ಸುಂಕವೇ ಇಲ್ಲ ಅಂದಮೇಲೆ ಸುಂಕ ವಿನಾಯಿತಿಗೆ ಬೇಕಿದ್ದ ಪತ್ರವೂ ಬೇಡ. ಹಾಗಂತ ಫೈಲು ಮುಚ್ಚಿಡಬೇಡಿ. 2019, 2020, 2023 ನೋಡಿದವರಿಗೆ ಇದು ಮತ್ತೆ ಬರಬಹುದು ಅನ್ನೋದು ಗೊತ್ತಿದೆ. ಪಹಣಿಯಲ್ಲಿ ಬೆಳೆದವರ ಹೆಸರು ಇರಲಿ, ಸಮೀಕ್ಷೆಯಲ್ಲಿ ಈರುಳ್ಳಿ ಅಂತ ಇದೆಯಾ ಅಂತ ಗಡುವು ಮುಗಿಯೋ ಮುಂಚೆ ನೋಡಿಕೊಳ್ಳಿ, ನಾಟಿ ಸಮಯದ ಫೋಟೋ ಇರಲಿ, ಬೀಜದ ರಸೀದಿ ಇರಲಿ, ಐಇಸಿ ಅಪ್‌ಡೇಟ್ ಆಗಿರಲಿ.

ನಮ್ಮ ಕಂಪನಿಯಿಂದ ತೋಟಗಾರಿಕೆಯವರ ರೈತ ಸಭೆಯಲ್ಲಿ ಬರೆದು ಕೊಟ್ಟಿರೋದು ಎರಡೇ ಬೇಡಿಕೆ. ಬೆಳೆ ಸಮೀಕ್ಷೆಯಲ್ಲಿ ಈರುಳ್ಳಿ ಅಂತ ಬರುವ ಕಡೆ ‘ಬೆಂಗಳೂರು ರೋಸ್’ ಅಂತ ತಳಿ ಆರಿಸಲು ಅವಕಾಶ ಕೊಡಿ. ಮುಂದೆ ಎಂದಾದರೂ ಮತ್ತೆ ಪ್ರಮಾಣಪತ್ರ ಬೇಕು ಅಂತಾದರೆ, ಬೆಳೆ ಹೊಲದಲ್ಲಿ ಇರುವಾಗಲೇ ತಾಲ್ಲೂಕು ಮಟ್ಟದಲ್ಲಿ ತಪಾಸಣೆ ಮಾಡಿ ಅಲ್ಲೇ ಸಹಿ ಮಾಡಿಕೊಡಿ, ತೂಕವನ್ನು ಮಾತ್ರ ಲೋಡ್ ಮಾಡುವ ದಿನ ಬರೆದುಕೊಳ್ಳಿ. ಪ್ರತಿಗೆ ಸ್ವೀಕೃತಿ ಹಾಕಿಸಿಕೊಂಡಿದ್ದೇವೆ. ನಿಮ್ಮ ತಾಲ್ಲೂಕಿನಲ್ಲೂ ರೋಸ್ ಬೆಳೆಯುವವರು ಇದ್ದರೆ ಇದೇ ಎರಡು ಸಾಲು ಬರೆದು ಕೊಡಿ.